ಅಂಗಿ ಕಳಚಿ ಕಳಿಸಿದ ಕೂಸು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಇದನ್ನು ನಾನು ನೆನಪಿನಿಂದ ಹೇಳುತ್ತಿಲ್ಲ. ಫಾರಂ ಮೇಲೆ ನನ್ನದೇ ಕೈಬರಹದಲ್ಲಿದೆ. ಮನೆಯವರಿಗೆ ತಿಳಿವಳಿಕೆ ಕೊಟ್ಟ ಸಮಯ ಎಂಬ ಸಾಲಿನ ಮುಂದೆ ಆ ಅಂಕಿ, ಅದರ ಕೆಳಗೆ ನನ್ನ ಸಹಿ. ವಲಾಂಡಿಯಿಂದ ಸ್ವಲ್ಪ ದೂರದಲ್ಲಿರುವ ನನ್ನ ತವರುಮನೆಯ ಅಂಗಳದಲ್ಲಿ, ನೀರಿನ ಟಾಕಿಯ ಅಂಚಿನ ಮೇಲೆ ಕಾಗದ ಇಟ್ಟುಕೊಂಡು ಅದನ್ನು ತುಂಬಿದ್ದೆ. ನನ್ನ ಅಣ್ಣನ ಹೆಂಡತಿಯನ್ನು ನಾವು ವೈನಿ ಅನ್ನುತ್ತೇವೆ. ಆಕೆ ಅಂದು ಮುಂಜಾನೆ ನಗರದ ಆಸ್ಪತ್ರೆಯಲ್ಲಿ ವಿಕಿರಣ ಸೂಸುವ ಅಯೋಡಿನ್ ಕುಡಿದು, ಆಗಷ್ಟೇ ಜೀಪಿನಿಂದ ಇಳಿದಿದ್ದಳು. ಆಕೆಯ ಇಪ್ಪತ್ತು ತಿಂಗಳ ಮಗಳು ನನ್ನ ಅವ್ವನ ಸೊಂಟದ ಮೇಲಿತ್ತು. ತಾಯಿಯನ್ನು ನೋಡಿ ಎರಡೂ ಕೈ ಚಾಚುತ್ತಿತ್ತು.

ನಾನು ಉದಗೀರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದವಳು. ಕುರಿ ಕಾಯುವ ನಮ್ಮ ಮನೆತನದಲ್ಲಿ ಅಷ್ಟು ಓದಿದ ಮೊದಲ ಹೆಣ್ಣು. ಮದುವೆಯಾಗಿ ಉಮರ್ಗಾಕ್ಕೆ ಬಂದ ಮೇಲೆ ಒಬ್ಬ ಸಂಶೋಧಕಿಯ ಕೈಕೆಳಗೆ ಕೆಲಸ ಸಿಕ್ಕಿತು. ಆಕೆ ನಗರದ ಆಸ್ಪತ್ರೆಯಲ್ಲಿ ವಿಕಿರಣ ಔಷಧಿಗಳ ವಿಭಾಗದ ಡಾಕ್ಟರು. ನಾವೆಲ್ಲ ಮ್ಯಾಡಮ್ ಅನ್ನುತ್ತಿದ್ದೆವು. ಗಂಟಲಿನ ಥೈರಾಯ್ಡ್ ಗ್ರಂಥಿ ಹದ್ದುಮೀರಿ ಕೆಲಸ ಮಾಡುವ ಹೆಂಗಸರಿಗೆ ಈ ಅಯೋಡಿನ್ ಕೊಟ್ಟರೆ ಆ ಗ್ರಂಥಿ ಒಳಗಿಂದಲೇ ಸುಟ್ಟು ಸುಮ್ಮನಾಗುತ್ತದೆ. ಹಾಗೆ ಕೊಟ್ಟ ಮೇಲೆ ಅವರ ಮೈಯ ಈಸ್ಟ್ರೋಜನ್ ಹಾರ್ಮೋನು ಏರುತ್ತದೋ ಇಳಿಯುತ್ತದೋ ಎಂಬುದು ಮ್ಯಾಡಮ್ ಅವರ ವಿಷಯ. ಅದರ ಮೇಲೆ ಅವರ ಪ್ರಬಂಧಗಳು ಹೊರದೇಶದ ಪತ್ರಿಕೆಗಳಲ್ಲಿ ಬಂದಿದ್ದವು. ಒಂದೊಂದರ ಮೊದಲ ಪುಟಕ್ಕೂ ಕಟ್ಟು ಹಾಕಿಸಿ ತಮ್ಮ ಕೋಣೆಯ ಗೋಡೆಗೆ ತೂಗುಹಾಕಿದ್ದರು.

ಮ್ಯಾಡಮ್‌ಗೆ ಕನ್ನಡ ಬರುತ್ತಿರಲಿಲ್ಲ. ಉಮರ್ಗಾ, ನಿಲಂಗಾ, ಉದಗೀರ ಕಡೆಯ ಕನ್ನಡ ಮಾತಾಡುವ ಹೆಂಗಸರ ಮನೆಗಳಿಗೆ ಹೋಗಿ, ರಕ್ತದ ಶೀಶೆ ತಂದು, ಪ್ರತಿಯೊಬ್ಬಳ ಮುಟ್ಟಿನ ದಿನ ಬರೆದುಕೊಂಡು ಬರುವುದು ನನ್ನ ಕೆಲಸ. ಈಸ್ಟ್ರೋಜನ್ ಅಂದರೆ ಅವರಿಗೆ ಏನು ತಿಳಿಯಬೇಕು? ಯಾವಾಗ ಹೊರಗಾಗಿದ್ದಿ ಅಂತ ಕೇಳಿದರೆ ತಿಥಿ ಸಮೇತ ಹೇಳುತ್ತಿದ್ದರು. ನಮ್ಮ ಕಡೆ ಹೆಂಗಸು ಆ ದಿನಗಳಲ್ಲಿ ಅಡುಗೆಮನೆಗೂ ದೇವರಮನೆಗೂ ಹೋಗದೆ ಬೇರೆ ಕೂರುತ್ತಾಳೆ. ಎರಡು ವರ್ಷ ಊರೂರು ತಿರುಗಿ ಅದೇ ಪ್ರಶ್ನೆ ಕೇಳಿ, ಆ ಮಾತು ನನ್ನ ನಾಲಿಗೆಗೆ ಅಂಟಿಬಿಟ್ಟಿತ್ತು.

ವೈನಿಗೆ ಹೆರಿಗೆಯಾದ ಮೇಲೆ ಕಣ್ಣುಗುಡ್ಡೆಗಳು ಮುಂದೆ ಬಂದವು. ಕೈ ನಡುಗಿ ರೊಟ್ಟಿ ತಟ್ಟುವುದು ಆಗದಾಯಿತು. ಎದೆ ಬಡಿತ ಪಕ್ಕದಲ್ಲಿ ಕೂತವರಿಗೆ ಕಾಣುತ್ತಿತ್ತು. ಗುಳಿಗೆ ಒಗ್ಗಲಿಲ್ಲ. ಆಕೆಯನ್ನು ಮ್ಯಾಡಮ್ ಹತ್ತಿರ ಕರೆದುಕೊಂಡು ಹೋದವಳು ನಾನೇ. ಮದ್ದಿಗೆ ಎರಡು ತಿಂಗಳು ಮೊದಲೇ ಕೂಸಿಗೆ ಹಾಲು ಬಿಡಿಸಬೇಕೆಂದರು; ಯಾಕೆಂದು ವೈನಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ವೈನಿ ಎದೆಗೆ ಬೇವಿನ ಸೊಪ್ಪು ಅರೆದು ಹಚ್ಚಿಕೊಂಡು ಬಿಡಿಸಿದಳು. ಕೂಸು ಎಂಟು ದಿನ ಅತ್ತು ಸುಮ್ಮನಾಯಿತು. ಮದ್ದು ಕೊಟ್ಟ ದಿನ ಮ್ಯಾಡಮ್ ನನಗೆ ಮರಾಠಿಯಲ್ಲಿ ಹೇಳಿದ್ದು ಒಂದೊಂದು ಮಾತೂ ನೆನಪಿದೆ. ಇಪ್ಪತ್ತೊಂದು ದಿನ ಬೇರೆ ಕೋಣೆ. ಬೇರೆ ಪಾತ್ರೆ. ಕೂಸು ಹತ್ತಿರ ಬರಕೂಡದು, ಹಾಲಂತೂ ಕೂಡದೇ ಕೂಡದು. ಹಾಲಿನಲ್ಲಿ ಅಯೋಡಿನ್ ಇಳಿಯುತ್ತದೆ, ಕೂಸಿನ ಗಂಟಲಿಗೆ ಹೋಗಿ ಕೂರುತ್ತದೆ. ಇದನ್ನು ಬಿಡಿಸಿ ಹೇಳು, ಅಂದರು.

ನಾಲ್ಕೂ ಹತ್ತಕ್ಕೆ ಅವ್ವ ಕೇಳಿದಳು, "ಏನ್ ಹೇಳ್ಯಾಳ ನಿಮ್ಮ ಡಾಕ್ಟರಬಾಯಿ?"

"ಹೊರಗಾದಾಗ ಹ್ಯಾಂಗ ಇರ್ತಾರ, ಹಂಗ ಇರಬೇಕವ್ವಾ. ಇಪ್ಪತ್ತೊಂದು ದಿನ. ಯಾರೂ ಮುಟ್ಟಂಗಿಲ್ಲ. ತಾಟು, ಚರಗಿ, ಹಾಸಿಗಿ ಎಲ್ಲಾ ಬ್ಯಾರೆ."

"ಇಪ್ಪತ್ತೊಂದು ದಿನ? ಹಡದ ಬಾಣಂತಿ ಸೈತ ಇಷ್ಟು ಕೂಡಂಗಿಲ್ಲ."

"ಈ ಮದ್ದಿಗಿ ಹಂಗೇ ಅದ."

"ಮತ್ತ ರೊಟ್ಟಿ ಯಾರು ಬಡೀಬೇಕು?"

"ನಿನಗ ಬರಂಗಿಲ್ಲೇನು?"

"ಬರ್ತದ. ಸೊಸಿ ತಂದದ್ದು ಯಾಕ ಮತ್ತ?"

ದೂರ ನಿಂತಿದ್ದ ವೈನಿ ನಕ್ಕಳು. "ಅತ್ತಿ ಕೈಲೆ ರೊಟ್ಟಿ ಬಡಸ್ತದಂದ್ರ ಮದ್ದು ಚಲೋ ಅದ ಬಿಡ್ರಿ," ಅಂದಳು. ಅವ್ವನೂ ನಕ್ಕಳು. ನಾನೂ ನಕ್ಕೆ. ಫಾರಂನಲ್ಲಿ ಚಿಕ್ಕ ಮಕ್ಕಳ ಬಗ್ಗೆ ಬೇರೆಯಾಗಿ ಹೇಳಲಾಗಿದೆಯೇ ಎಂಬ ಸಾಲೊಂದಿತ್ತು. ಯಾರೂ ಮುಟ್ಟಬಾರದು ಅಂದೆನಲ್ಲ, ಅದರಲ್ಲಿ ಎಲ್ಲ ಬಂತು ಅಂದುಕೊಂಡು ಟಿಕ್ ಹಾಕಿದೆ. ಕುರಿಮರಿಗಳನ್ನು ಕೂಡಿಹಾಕುವ ತಗಡಿನ ಕೋಣೆ ಗುಡಿಸಿ ವೈನಿ ಒಳಗೆ ಹೋದಳು. ಒಂದು ಮಾತಿನಲ್ಲಿ ಅವ್ವನಿಗೆ ತಿಳಿಯುವ ಹಾಗೆ ಹೇಳಿದೆ ಅಂತ ಫೋನ್ ಮಾಡಿ ಮ್ಯಾಡಮ್‌ಗೆ ಹೇಳಿದೆ. ಶಾಬಾಸ್ ಅಂದರು. ಸಂಜೆ ಬಸ್ಸಿಗೆ ಉಮರ್ಗಾಕ್ಕೆ ಹೊರಟೆ. ದಾರಿಯುದ್ದಕ್ಕೂ ಹೆಮ್ಮೆಯಿಂದಿದ್ದೆ.

ಐದನೆಯ ದಿನ ಹನ್ನೊಂದು ಗಂಟೆಗೆ ವೈನಿಯ ರಕ್ತ ತೆಗೆಯಲು ಹೋದೆ. ತಗಡಿನ ಕೋಣೆಯ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂಸಿನ ಹಳದಿ ಅಂಗಿ, ಚಡ್ಡಿ, ಕಾಲಿನ ಸಾಕ್ಸು ಎಲ್ಲ ಮಡಚಿ ಇಟ್ಟಿದ್ದವು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ವೈನಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ಕರಿ ಕಂಬಳಿಯೊಳಗೆ ಕೂಸು ಬರಿಮೈಯಲ್ಲಿ ಆಕೆಯ ಎದೆಗೆ ಬಾಯಿ ಹಾಕಿ ಮಲಗಿತ್ತು.

ಅವ್ವಾ ಅಂತ ನಾನು ಕೂಗಿದ್ದು ಕುರಿಮರಿಗಳಿಗೂ ಕೇಳಿರಬೇಕು, ಹಟ್ಟಿಯಲ್ಲಿ ಗದ್ದಲವಾಯಿತು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಒದರಬ್ಯಾಡ. ಈಗರೆ ನಿದ್ದಿ ಹತ್ಯಾದ ಕೂಸಿಗಿ."

"ಕೂಸಿನ್ನ ಯಾಕ ಒಳಗ ಬಿಟ್ಟಿ?"

"ಅಂಗಿ ಕಳಚೇ ಕಳಿಸೀನಿ. ನನಗೇನ್ ತಿಳಿಯಂಗಿಲ್ಲೇನು? ಮ್ಯಾಲ ಕಂಬಳಿ ಹೊಚ್ಚೀನಿ, ಉಣ್ಣಿಗಿ ಮೈಲಿಗಿ ತಟ್ಟಂಗಿಲ್ಲ. ಹೊರಗ ಬಂದ ಮ್ಯಾಲ ನೀರ್ ಹೊಯ್ದು, ಭಂಡಾರ ಹಚ್ಚೇ ಬೀರಪ್ಪ ದೇವರ ಮುಂದ ಬಿಟ್ಟೀನಿ. ಐದು ದಿನದಾಗ ಒಂದ್ ಸಲಾನೂ ತಪ್ಪಿಲ್ಲ."

ಅವ್ವ ತಪ್ಪಿರಲಿಲ್ಲ. ಹೊರಗಾದವಳನ್ನು ಯಾರೂ ಮುಟ್ಟುವಂತಿಲ್ಲ. ಅಂಗಿಯಿಲ್ಲದ ಕೂಸು ಮಾತ್ರ ಮುಟ್ಟಬಹುದು. ಮೈಲಿಗೆ ಬಟ್ಟೆಗೆ ಅಂಟುತ್ತದೆ, ಬರಿಮೈಗೆ ಅಂಟುವುದಿಲ್ಲ. ನಮ್ಮ ಮನೆಗಳಲ್ಲಿ ಹಾಲುಣ್ಣುವ ಕೂಸು ತಾಯಿಯ ಹತ್ತಿರ ಹೋಗುವುದು ಹೀಗೆಯೇ. ನಾನೂ ಹಾಗೇ ಹೋದವಳು. ಗೊತ್ತಿತ್ತು. ಆ ದಿನ ಟಾಕಿಯ ಬಳಿ ನಿಂತು ಮಾತಾಡುವಾಗ ಮಾತ್ರ ತಲೆಗೆ ಬರಲಿಲ್ಲ. ಇದರ ಬದಲು ಇದೊಂದು ವಿಷ, ಗಾಳಿಗೂ ಬರುತ್ತದೆ ಅಂದಿದ್ದರೆ ಅವ್ವ ಕೂಸನ್ನು ಬಾಗಿಲ ತನಕವೂ ಬಿಡುತ್ತಿರಲಿಲ್ಲ.

ನಾನು ಕೂಸನ್ನು ಕಿತ್ತುಕೊಂಡೆ. ಅದು ಚೀರಿತು. ವೈನಿ ದಿಗ್ಗನೆ ಎದ್ದು, "ಏನಾತ್ರೀ?" ಅಂದಳು.

"ನೀ ತಾಯೇನು? ಕೂಸಿಗಿ ವಿಷಾ ಕುಡಿಸೀದಿ ಐದು ದಿನ," ಅಂದೆ. ಬೇಲಿಯಾಚೆ ಪಕ್ಕದ ಮನೆಯ ಮೂರು ಹೆಂಗಸರು ನಿಂತಿದ್ದರು. ಅವರಿಗೆ ಕೇಳುವಂತೆಯೇ ಅಂದೆ.

ವೈನಿ ಸೆರಗು ಎಳೆದುಕೊಂಡು ತಡೆದು ತಡೆದು ಹೇಳಿದಳು. "ಹಾಲೇ ಇರಲಿಲ್ರೀ. ಬರೇ ಬಾಯಿ ಹಾಕ್ತಿತ್ತು. ಮೊನ್ನಿಂದ ಸ್ವಲ್ಪ ಬರ್ಲಿಕತ್ತದ." ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂತೋಷವನ್ನು ಹೇಳುವ ಹಾಗೆ ಹೇಳಿದಳು.

ಅಣ್ಣ ಡ್ರೈವರ್ ಸಮೇತ ಬಾಡಿಗೆ ಜೀಪು ತಂದ. ನಿಲಂಗಾ ದಾಟಿ, ಉಮರ್ಗಾ ಮುಟ್ಟಿ, ಹೆದ್ದಾರಿ ಹಿಡಿದು ಹೋದೆವು. ಅಣ್ಣ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಿದ್ದ. ವೈನಿಯನ್ನು ಕೊನೆಯ ಸೀಟಿಗೆ ಕೂಡಿಸಿ, ನಡುವೆ ನಾನು ಅಡ್ಡ ಕೂತೆ. ಕೂಸು ಅಪ್ಪನ ಹೆಗಲ ಮೇಲಿಂದ ಹಿಂದಕ್ಕೆ ಜಿಗಿಯುತ್ತಿತ್ತು. ಅದರ ಕೈ ನನ್ನ ತಲೆಯ ಮೇಲೆ ಬಂದಾಗಲೆಲ್ಲ ನಾನು ಮುಂದಕ್ಕೆ ನೂಕುತ್ತಿದ್ದೆ. ಎರಡು ಸಲ ಅಣ್ಣ ಅದರ ಕೈ ಮೇಲೆ ಹೊಡೆದ. "ನನ್ನ ಮಾರಿ ಕಾಣಲಿಲ್ಲಂದ್ರ ಸುಮ್ಮನಾಗ್ತದ," ಅಂತ ವೈನಿ ಸೆರಗನ್ನು ಪೂರ್ತಿ ಮುಖಕ್ಕೆ ಎಳೆದುಕೊಂಡಳು. ನಗರ ಬರುವ ತನಕ ತೆಗೆಯಲಿಲ್ಲ. ಕೂಸು ಸುಮ್ಮನಾಗಲಿಲ್ಲ.

ಅಲ್ಲಿ ಕೂಸಿನ ಗಂಟಲ ಮುಂದೆ ಅಳತೆಯ ಯಂತ್ರ ಇಡಬೇಕಿತ್ತು, ಕೂಸು ಅಲುಗಾಡಬಾರದಿತ್ತು. ಮೂವರು ಸೇರಿ ಅದನ್ನು ಮೇಜಿಗೆ ಒತ್ತಿ ಹಿಡಿದೆವು. ತಲೆ ಹಿಡಿದದ್ದು ನಾನು. ತೆರೆಯ ಮೇಲೆ ಬಂದ ಅಂಕಿ ನೋಡಿ ಮ್ಯಾಡಮ್ ಇನ್ನೊಮ್ಮೆ ಮಾಡಲು ಹೇಳಿದರು. ಎರಡನೆಯ ಸಲವೂ ಅಷ್ಟೇ ಬಂತು. ಕನ್ನಡಕ ತೆಗೆದು, ಇಷ್ಟು ಚಿಕ್ಕ ಕೂಸಿನಲ್ಲಿ ನಾನು ಇದನ್ನು ನೋಡಿಯೇ ಇಲ್ಲ ಅಂದರು. ದನಿಯಲ್ಲಿ ದುಃಖವಿರಲಿಲ್ಲ. ಹೊಸ ಜಾತಿಯ ಹಕ್ಕಿ ಕಂಡವರು ಹೀಗೆ ಮೆತ್ತಗೆ ಮಾತಾಡುತ್ತಾರೆ.

"ಔಷಧ ಏನಾರ ಅದೇನ್ರೀ ಇದಕ್ಕ?" ಅಣ್ಣ ಕೇಳಿದ. ನಾನು ಮರಾಠಿಗೆ ತಿರುಗಿಸಿದೆ.

ತಡೆಯುವ ಔಷಧಿಯಿದೆ, ಅದನ್ನು ಮೊದಲೇ ಕೊಡಬೇಕು, ಹೆಚ್ಚೆಂದರೆ ಕೆಲವೇ ಗಂಟೆಯೊಳಗೆ. ಐದು ದಿನವಾದ ಮೇಲೆ ಏನೂ ಇಲ್ಲ ಅಂದರು ಮ್ಯಾಡಮ್. ಒಳಗೆ ಹೋದ ಅಯೋಡಿನ್ ತನ್ನ ಕೆಲಸ ತಾನು ಮಾಡುತ್ತದೆ, ತಿಂಗಳಿಗೊಮ್ಮೆ ರಕ್ತ ನೋಡುತ್ತಾ ಹೋಗಬೇಕು. ಗ್ರಂಥಿ ಉಳಿದರೆ ಉಳಿಯಿತು. ಸತ್ತರೆ, ಗೊತ್ತಾಗದೆ ಹೋದರೆ, ಕೂಸು ಬೆಳೆಯುವುದಿಲ್ಲ, ಬುದ್ಧಿಯೂ ಬೆಳೆಯುವುದಿಲ್ಲ. ಇಷ್ಟನ್ನೂ ನಾನು ಅಣ್ಣನಿಗೆ ಕನ್ನಡದಲ್ಲಿ ಹೇಳಿದೆ. ಆ ಸಲ ಒಂದು ಮಾತೂ ಬಿಡಲಿಲ್ಲ.

ಆಮೇಲೆ ಮ್ಯಾಡಮ್ ನನ್ನೊಬ್ಬಳನ್ನೇ ಒಳಗೆ ಕರೆದು ನನ್ನ ಫಾರಂ ಮೇಜಿನ ಮೇಲಿಟ್ಟರು. ಚಿಕ್ಕ ಮಕ್ಕಳ ಸಾಲಿನ ಮೇಲೆ ಬೆರಳಿಟ್ಟು, ಟಿಕ್ ಇದೆ, ಹೇಳಿದ್ದೀಯಲ್ಲ ಅಂದರು. ನಾನು ಹೂಂ ಅಂದೆ. ಹಾಗಾದರೆ ಬರೆದುಕೊಡು ಅಂದರು. ಮರಾಠಿಯಲ್ಲಿ ನಾಲ್ಕು ಸಾಲು ಬರೆದೆ: ಕೂಸನ್ನು ದೂರ ಇಡಲು ಸ್ಪಷ್ಟವಾಗಿ ಹೇಳಲಾಗಿತ್ತು, ತಾಯಿ ಪಾಲಿಸಲಿಲ್ಲ. ಕೆಳಗೆ ವೈನಿಯ ಸಹಿಯೂ ಬೇಕಿತ್ತು. ವರಾಂಡದ ಕೊನೆಯಲ್ಲಿ ನೆಲದ ಮೇಲೆ ಕೂತಿದ್ದ ಆಕೆಯ ಹತ್ತಿರ ಒಯ್ದೆ. ಆಕೆಗೆ ಸಂತೆಗೆ ಬೇಕಾದಷ್ಟು ಮರಾಠಿ ಮಾತು ಬರುತ್ತದೆ, ಓದಲು ಬರುವುದಿಲ್ಲ.

"ಏನ್ ಬರದಾರ್ರೀ ಇದರಾಗ?"

"ಇವತ್ತು ತೋರಸ್ಲಿಕ್ಕ ಬಂದಿದ್ವಿ ಅಂತ," ಅಂದೆ.

ಆಕೆ ಕನ್ನಡದಲ್ಲಿ ಹೆಸರು ಬರೆದಳು. ನಡುಗುವ ಕೈ, ಅಕ್ಷರ ಒಂದರ ಮೇಲೊಂದು ಬಿದ್ದವು.

ಇಪ್ಪತ್ತೊಂದು ದಿನ ಮುಗಿದರೂ ವೈನಿಯನ್ನು ಯಾರೂ ಒಳಗೆ ಕರೆಯಲಿಲ್ಲ. ಈಗ ಹಾಲು ಕೊಡದಿದ್ದರೆ ಸಾಕು, ಕೂಸನ್ನು ಎತ್ತಿಕೊಳ್ಳಬಹುದು ಅಂತ ನಾನು ಹೇಳಿದೆ. ನನ್ನ ಮಾತಿಗೆ ಈಗ ಬೆಲೆಯಿರಲಿಲ್ಲ. ಬೋರಿಂಗಿನ ಹತ್ತಿರ ಹೆಂಗಸರು ತಮ್ಮ ಕೊಡ ಸರಿಸಿಕೊಳ್ಳುತ್ತಿದ್ದರು. "ಆಕಿನ್ನ ಮುಟ್ಟಬ್ಯಾಡ್ರೆವ್ವಾ, ಕರೆಂಟ್ ಹೊಡೀತದ," ಅನ್ನುತ್ತಿದ್ದರು. ವಿಷದ ಮಾತು ನಾನು ಬೇಲಿಯಾಚೆಗೆ ಕೊಟ್ಟಿದ್ದು, ಅದನ್ನು ಅವರು ಚೆನ್ನಾಗಿ ಬಳಸಿಕೊಂಡರು. ಅಣ್ಣ ಹೆಂಡತಿಯ ಜೊತೆ ಮಾತು ಬಿಟ್ಟ. ಕೂಸು ನನ್ನ ಅವ್ವನನ್ನೇ ಆಯಿ, ಅಂದರೆ ತಾಯಿ, ಅನ್ನಲು ಕಲಿಯಿತು. ವೈನಿಯ ಕೈ ನಡುಕ ನಿಂತಿತು, ಮೈ ತುಂಬಿತು. ಮದ್ದು ಆಕೆಗೆ ಹತ್ತಿತ್ತು. "ಕೂಸಿಂದು ತಿಂದು ದಪ್ಪಾಗ್ಯಾಳ," ಅಂತ ಅದಕ್ಕೂ ಅಂದರು.

ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ನಾಲ್ಕೂ ಹತ್ತು. ಅವ್ವ ಕೇಳುತ್ತಾಳೆ, ನಾನು ಹೇಳುತ್ತೇನೆ, ವೈನಿ ನಗುತ್ತಾಳೆ. ಪ್ರತಿ ಸಲ ನಾನು ಒಂದು ಮಾತು ಸೇರಿಸುತ್ತೇನೆ: ಅಂಗಿ ಕಳಚಿದರೂ ಕೂಸನ್ನ ಬಿಡಬ್ಯಾಡ. ಅಷ್ಟೇ. ಮತ್ತೆ ಮೊದಲಿನಿಂದ. ವೈನಿಯೂ ಮಲಗುತ್ತಿಲ್ಲ, ಹೊಸ್ತಿಲ ಹೊರಗೆ ಕೂತು ಕೂಸಿನ ಉಸಿರು ಕೇಳುತ್ತಾಳೆ ಅಂತ ಅವ್ವ ಫೋನಿನಲ್ಲಿ ಬೈದುಕೊಂಡು ಹೇಳುತ್ತಿದ್ದಳು.

ತಿಂಗಳಿಗೊಮ್ಮೆ ಕೂಸನ್ನೂ ವೈನಿಯನ್ನೂ ಉದಗೀರಕ್ಕೆ ಕರೆದೊಯ್ದು ರಕ್ತ ಕೊಡಿಸುವುದು ನನ್ನ ಪಾಲಿಗೆ ಬಂತು. ಮೊದಲ ಎರಡು ತಿಂಗಳು ಸರಿಯಿತ್ತು. ಮೂರನೆಯದರಲ್ಲಿ ಅಂಕಿ ಸ್ವಲ್ಪ ಏರಿತು, ಗ್ರಂಥಿ ಸೋಲುತ್ತಿರಬಹುದು ಎಂಬ ಸೂಚನೆ. ಈ ತಿಂಗಳು ನೋಡಿ ಹೇಳೋಣ, ಮುಂದಿನ ತಿಂಗಳು ನೋಡಿ ಹೇಳೋಣ ಅನ್ನುತ್ತಿದ್ದರು ಅಲ್ಲಿಯ ಮಕ್ಕಳ ಡಾಕ್ಟರು.

ಅದೇ ಹೊತ್ತಿಗೆ ಮ್ಯಾಡಮ್ ಒಂದು ಪ್ರಬಂಧ ಕಳಿಸಿದರು, ಅಭಿನಂದನೆ ಎಂದು ಬರೆದು. ಉಮರ್ಗಾದ ಬಸ್ ನಿಲ್ದಾಣದಲ್ಲಿ ನಿಂತು ಫೋನಿನಲ್ಲಿ ಓದಿದೆ. ಈಸ್ಟ್ರೋಜನ್ನಿನ ದೊಡ್ಡ ಪ್ರಬಂಧವಲ್ಲ; ಅದರಿಂದ ವೈನಿಯನ್ನು ತೆಗೆದುಹಾಕಿದ್ದರು. ಇದು ಎರಡೇ ಪುಟದ್ದು, ಕೂಸಿನ ಮೇಲೆ. ಕುರಿ ಕಾಯುವ ಸಮುದಾಯದ ಒಂದು ಹೆಣ್ಣುಕೂಸು, ಅದರ ಗಂಟಲಿನ ಚಿತ್ರ, ಅಂಕಿಗಳು. ಮಾತೃಭಾಷೆಯಲ್ಲಿ ಸ್ಪಷ್ಟ ಸೂಚನೆ ಕೊಟ್ಟಿದ್ದರೂ ತಾಯಿ ಸಹಕರಿಸಲಿಲ್ಲ ಎಂಬರ್ಥದ ಸಾಲು. ಕೊನೆಯಲ್ಲಿ ಸಹಾಯಕ್ಕಾಗಿ ನನ್ನ ಹೆಸರು ಹೇಳಿ ವಂದನೆ. ಅಂಗಿ ಕಳಚುವ ಪದ್ಧತಿಯ ಮಾತು ಎಲ್ಲಿಯೂ ಇರಲಿಲ್ಲ. ಅದನ್ನು ನಾನು ಮ್ಯಾಡಮ್‌ಗೆ ಹೇಳಿಯೇ ಇರಲಿಲ್ಲ. ಹೇಳಿದ್ದರೆ ಟಿಕ್ ಸುಳ್ಳಾಗುತ್ತಿತ್ತು.

ಮನೆಗೆ ಹೋಗದೆ ನಿಲಂಗಾದ ಬಸ್ಸು ಹತ್ತಿ ತವರಿಗೆ ಹೋದೆ. ವೈನಿ ಹಟ್ಟಿಯಲ್ಲಿ ಕುರಿ ಹಿಕ್ಕೆ ಬಳಿಯುತ್ತಿದ್ದಳು. ಎಲ್ಲ ಹೇಳಿದೆ. ಟಿಕ್ ಹಾಕಿದ್ದು, ಬರೆದುಕೊಟ್ಟದ್ದು, ಆಕೆಯ ಸಹಿ ಯಾವುದರ ಕೆಳಗಿದೆ ಎಂಬುದು. ಆಕೆ ಪೊರಕೆ ಕೆಳಗಿಡಲಿಲ್ಲ.

"ಸಹಿದು ಗೊತ್ತಿರಲಿಲ್ಲ," ಅಂದಳು. "ಉಳದದ್ದು ಗೊತ್ತದ. ನಾ ಅಲ್ಲೇ ನಿಂತಿದ್ದೆನಲ್ರೀ. ನೀವು ಕೂಸಿಂದು ಏನೂ ಹೇಳಲೇ ಇಲ್ಲ."

"ಮತ್ತ ಅಣ್ಣಗ ಯಾಕ ಹೇಳಲಿಲ್ಲ?"

"ನೀವು ಕಲ್ತೋರು. ನನ್ನ ಮಾತು ಯಾರ್ ನಂಬ್ತಾರ?" ಎರಡು ಸಲ ಬಳಿದು ಮತ್ತೆ ಹೇಳಿದಳು. "ನಂಬಿದ್ರ ಇನ್ನಾ ಕಠಿಣ ಇತ್ತು. ನಿಮಗ ಮನಿ ಬಿಡಸ್ತಿದ್ರು. ಕೂಸಿನ್ನ ಉದಗೀರಕ್ಕ ಯಾರ್ ಒಯ್ತಿದ್ರು?"

ಅಂದು ಸಂಜೆ ಅಣ್ಣನಿಗೂ ಅವ್ವನಿಗೂ ಹೇಳಿದೆ. ಅಣ್ಣ ಹೊಡೆಯುತ್ತಾನೆ ಅಂದುಕೊಂಡಿದ್ದೆ. ಆತ ಬೀಡಿ ಹಚ್ಚಿ, ಮುಗಿಯುವ ತನಕ ಸೇದಿದ.

"ಊರಾಗ ಒಮ್ಮಿ ಆಕಿ ತಪ್ಪಂತ ಹೇಳೀವಿ," ಅಂದ. "ಈಗ ಹೊಳ್ಳಿ ನಮ್ಮ ಹುಡುಗಿ ತಪ್ಪಂದ್ರ ನಮ್ಮ ಮನಿ ಮಾನ ಹೋಗ್ತದ. ಆಕಿ ಮ್ಯಾಲೇ ಇರಲಿ. ಆಕಿಗಿ ರೂಢಿ ಆಗ್ಯಾದ."

ಅವ್ವ ಕೂಸನ್ನು ತೊಡೆಗೆ ಎಳೆದುಕೊಂಡಳು. ವೈನಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಮ್ಯಾಡಮ್‌ಗೆ ಪತ್ರ ಬರೆದೆ. ಅಚ್ಚಾಗಿ ಹೋಗಿದೆ, ಭಾವುಕಳಾಗಬೇಡ, ಕೂಸಿನ ಮುಂದಿನ ರಿಪೋರ್ಟು ಬಂದರೆ ಕಳಿಸು ಅಂತ ಉತ್ತರ ಬಂತು. ಕೆಲಸ ಬಿಟ್ಟೆ. ರಿಪೋರ್ಟು ಕಳಿಸಲಿಲ್ಲ. ಸೇಡು ಅಂತ ಹೇಳಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಅಷ್ಟೇ.

ಆರನೆಯ ತಿಂಗಳ ರಿಪೋರ್ಟು ಗುರುವಾರ ಬಂತು. ಉದಗೀರದ ಡಾಕ್ಟರು ಅದನ್ನು ನೋಡಿ ನಮ್ಮನ್ನು ಕೂರಲು ಹೇಳಿದರು. ಗ್ರಂಥಿ ಹೆಚ್ಚುಕಡಿಮೆ ಸತ್ತಿದೆ ಅಂದರು. ಇವತ್ತಿನಿಂದ ದಿನಾ ಮುಂಜಾನೆ ಹಸಿದ ಹೊಟ್ಟೆಯಲ್ಲಿ ಒಂದು ಗುಳಿಗೆ, ನೀರಿನಲ್ಲಿ ಅರೆದು. ಬದುಕಿರುವ ತನಕ. ಒಂದು ದಿನವೂ ತಪ್ಪಿಸದಿದ್ದರೆ ಬೆಳೆಯುತ್ತದೆ, ಶಾಲೆ ಕಲಿಯುತ್ತದೆ, ಎಲ್ಲರಂತೆ ಇರುತ್ತದೆ. ಗಂಟಲಿನ ಮೇಲೆ ಮಾತ್ರ ಜೀವನವಿಡೀ ಕಣ್ಣಿಡಬೇಕು, ಮುಂದೆ ಗಂಟು ಬರಬಹುದು. ಅಣ್ಣ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ವೈನಿ ಕೇಳಿದ್ದು ಒಂದೇ. "ಗುಳಿಗಿ ನಾ ಕೊಡಬಹುದೇನ್ರೀ? ನನ್ನ ಕೈಲೆ?"

ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಮತ್ತ ಯಾರ್ ಕೊಡ್ತಾರವ್ವಾ? ತಾಯಿ ನೀನೇ ಅಲ್ಲೇನು?" ಅಂದರು.

ಆಕೆ ಎದ್ದು ಅಣ್ಣನ ತೊಡೆಯಿಂದ ಕೂಸನ್ನು ಎತ್ತಿಕೊಂಡಳು. ಆರು ತಿಂಗಳಲ್ಲಿ ಮೊದಲ ಸಲ. ಕೂಸು ಅಪರಿಚಿತರನ್ನು ನೋಡುವಂತೆ ನೋಡಿ ಅಳಲು ಶುರುಮಾಡಿತು, ಆಯಿ ಎಲ್ಲಿ ಎಂದು ಬಾಗಿಲ ಕಡೆ ಕೈ ಮಾಡಿತು. ಡಾಕ್ಟರ ಮುಂದೆ ಅಣ್ಣ ತಡೆಯಲಾರದೆ ಹೋದ. ವಲಾಂಡಿ ಬರುವ ತನಕ ಕೂಸು ಅಳುತ್ತಲೇ ಇತ್ತು, ಆಕೆ ಬಿಡಲಿಲ್ಲ.

ಅಂದು ನಾನು ತವರಲ್ಲೇ ಉಳಿದೆ. ಪಡಸಾಲೆಯಲ್ಲಿ ಚಾಪೆ ಹಾಸಿ ವೈನಿ ಕೂಸನ್ನು ಪಕ್ಕಕ್ಕೆ ಹಾಕಿಕೊಂಡಳು. ಅದರ ಕಾಲಿಗೆ ತನ್ನ ಸೆರಗಿನ ಚುಂಗು ಕಟ್ಟಿದಳು, ಎದ್ದು ಅವ್ವನ ಹತ್ತಿರ ಹೋಗದ ಹಾಗೆ. ಆಚೆ ಬದಿಗೆ ನಾನು ಮಲಗಿದೆ. ಆ ರಾತ್ರಿ ನಾವಿಬ್ಬರೂ ಒಮ್ಮೆಯೂ ಏಳಲಿಲ್ಲ. ಕೂಸಿನ ಗಂಟಲು ಸತ್ತಿತೆಂದು ಖಾತ್ರಿಯಾದ ದಿನವೇ ಬೆಳಗಿನ ತನಕ ನಿದ್ದೆ ಬಂದದ್ದು ನನಗೆ ಇವತ್ತಿಗೂ ನಾಚಿಕೆ. ಇನ್ನು ಕಾಯುವುದೇನೂ ಉಳಿದಿರಲಿಲ್ಲ. ಎಚ್ಚರವಾದಾಗ ಕುರಿಗಳು ಮೇಯಲು ಹೋಗಿ ಅಂಗಳ ಖಾಲಿಯಾಗಿತ್ತು. ಅವ್ವ ಒಂದು ಬಟ್ಟಲಲ್ಲಿ ನೀರು ಹಿಡಿದು ನಿಂತು ಸೊಸೆಯ ಭುಜ ಅಲುಗಾಡಿಸುತ್ತಿದ್ದಳು.

"ಏಳು. ಗುಳಿಗಿ ಹೊತ್ತಾತು."